ಯಾವ ಖಾತೆಗೂ ಸೇರದ ಪ್ರಾಣಿ

ಕಳೆದ ವರ್ಷ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿರುವ ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದೆ. ಒಂದು ರಾತ್ರಿ ಹಿತ್ತಲಿನಲ್ಲಿ ನಾಯಿಯ ಬೊಗಳು ಕೇಳಿ ಟಾರ್ಚ್ ಹಿಡಿದು ಹೊರಬಂದಾಗ, ಬೆಕ್ಕಿನ ಗಾತ್ರದ, ಬಿಳಿ ಮುಖದ, ಬೋಳು ಬಾಲದ ಪ್ರಾಣಿಯೊಂದು ಬಾಯಿ ತೆರೆದು ಜೊಲ್ಲು ಸುರಿಸುತ್ತ ಬಿದ್ದಿತ್ತು. ಸಹಿಸಲಾಗದ ದುರ್ನಾತ. ಸತ್ತಿದೆಯೆಂದು ತಿಳಿದು, ಬೆಳಿಗ್ಗೆ ಹೂಳಿದರಾಯಿತೆಂದು ಮಲಗಿದೆ. ಬೆಳಿಗ್ಗೆ ನೋಡಿದರೆ ಅದು ಅಲ್ಲಿರಲಿಲ್ಲ.

ಅದು ಒಪೊಸಮ್. ಕಾಂಗರೂವಿನಂತೆ ಹೊಟ್ಟೆಯ ಚೀಲದಲ್ಲಿ ಮರಿಗಳನ್ನು ಸಾಕುವ ಪ್ರಾಣಿಗಳ ಪೈಕಿ ಮೆಕ್ಸಿಕೊದ ಉತ್ತರಕ್ಕೆ ನೆಲೆಸಿರುವುದು ಇದೊಂದೇ. ಸತ್ತಂತೆ ಬೀಳುವುದನ್ನು ಜನ ನಟನೆ ಎನ್ನುತ್ತಾರಾದರೂ ಅದು ಪ್ರಾಣಿಯ ಇಚ್ಛೆಗೆ ಒಳಪಟ್ಟದ್ದಲ್ಲ. ಭಯ ಮಿತಿಮೀರಿದಾಗ ಮೂರ್ಛೆಯಂಥ ಸ್ಥಿತಿ ಆವರಿಸುತ್ತದೆ. ಕೆಲವು ನಿಮಿಷಗಳಿಂದ ಕೆಲವು ಗಂಟೆಗಳವರೆಗೂ ಅದು ಮುಂದುವರಿಯಬಹುದು.

ಇದರ ಬದುಕು ಆರಂಭವಾಗುವುದೇ ಕೊರತೆಯೊಂದಿಗೆ. ಗರ್ಭಧಾರಣೆಯ ಅವಧಿ 12-13 ದಿನ ಮಾತ್ರ. ಜೇನುನೊಣದಷ್ಟಿರುವ ಮರಿಗಳು ತಾವೇ ತೆವಳಿ ತಾಯಿಯ ಚೀಲ ಸೇರಬೇಕು. ಅಲ್ಲಿ ಸಾಮಾನ್ಯವಾಗಿ ಇರುವುದು 13 ಮೊಲೆತೊಟ್ಟುಗಳು. ಹುಟ್ಟುವ ಮರಿಗಳು ಕೆಲವೊಮ್ಮೆ 20ಕ್ಕೂ ಹೆಚ್ಚು. ತೊಟ್ಟು ಸಿಗದ ಮರಿಗೆ ಬದುಕಿಲ್ಲ. ಉಳಿದವು ಸುಮಾರು ಎರಡು ತಿಂಗಳು ಚೀಲದಲ್ಲಿ ಬೆಳೆದು, ಬಳಿಕ ತಾಯಿಯ ಬೆನ್ನೇರಿ ಸಂಚರಿಸುತ್ತವೆ. ಇಷ್ಟೆಲ್ಲ ದಾಟಿ ಬಂದರೂ ಕಾಡಿನಲ್ಲಿ ಎರಡು ವರ್ಷ ಬಾಳುವುದೇ ಹೆಚ್ಚು.

ಅರ್ಥಶಾಸ್ತ್ರ ಓದಿದವನ ಅಭ್ಯಾಸಬಲ. ಇದರಿಂದ ಏನು ಪ್ರಯೋಜನ ಎಂದು ನೆರೆಮನೆಯ ಹಿರಿಯರನ್ನು ಕೇಳಿದೆ. 'ಉಣುಗುಗಳನ್ನು ತಿನ್ನುತ್ತದೆ, ಇರಲಿ ಬಿಡಿ' ಎಂದರು. ಅಲ್ಲಿ ಉಣುಗು ಲೈಮ್ ರೋಗವನ್ನು ಹರಡುತ್ತದೆ, ನಮ್ಮ ಮಲೆನಾಡಿನಲ್ಲಿ ಮಂಗನ ಕಾಯಿಲೆಯನ್ನು ಹರಡುವಂತೆ. ಒಪೊಸಮ್ ಸಾವಿರಾರು ಉಣುಗುಗಳನ್ನು ನಾಶಮಾಡುತ್ತದೆಂದು 2009ರ ಅಧ್ಯಯನವೊಂದು ಅಂದಾಜಿಸಿತ್ತು. ಆದರೆ 2021ರಲ್ಲಿ ಇಲಿನಾಯ್ ರಾಜ್ಯದ 32 ಒಪೊಸಮ್‌ಗಳ ಜಠರಗಳನ್ನು ಪರೀಕ್ಷಿಸಿದಾಗ ಒಂದೇ ಒಂದು ಉಣುಗಿನ ಕುರುಹೂ ಸಿಗಲಿಲ್ಲ. ಬರೆದಿದ್ದ ಜಮೆ ಹೀಗೆ ರದ್ದಾಯಿತು.

ಹಾಗೆಂದು ಖಾತೆ ಮುಚ್ಚಲಾಗದು. ಕೆಲವು ವಿಷಸರ್ಪಗಳ ಕಡಿತವನ್ನು ಈ ಪ್ರಾಣಿ ತಾಳಿಕೊಳ್ಳಬಲ್ಲದು. ಇದರ ರಕ್ತದಲ್ಲಿರುವ ಅಂಶವೊಂದನ್ನು ಅನುಸರಿಸಿ ಸಿದ್ಧಪಡಿಸಿದ ಪೆಪ್ಟೈಡ್, ಕೊಳಕುಮಂಡಲದ ವಿಷದಿಂದಲೂ ಇಲಿಗಳನ್ನು ರಕ್ಷಿಸಿತೆಂದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ವರದಿ ಮಾಡಿದರು. ಇದು ಪ್ರಯೋಗಾಲಯದ ಫಲಿತಾಂಶವೇ ಹೊರತು ಔಷಧವಲ್ಲ. ಆದರೂ ಕೊಳಕುಮಂಡಲ ಕಚ್ಚಿ ರೈತರು ಸಾಯುವ ನಾಡಿನವನಾದ ನನಗೆ, ಆ ರಾತ್ರಿ ಹೂಳಲು ಹೊರಟಿದ್ದ ಪ್ರಾಣಿ ಅಷ್ಟು ಅನ್ಯವಾಗಿ ತೋರಲಿಲ್ಲ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯಿದೆ. ಸೇವೆಯಲ್ಲಿದ್ದಾಗ ಬಯಲುಸೀಮೆಯ ಹುಲ್ಲುಗಾವಲೊಂದನ್ನು ಅನುಪಯುಕ್ತವೆಂದು ಟಿಪ್ಪಣಿ ಬರೆದು, ಅನ್ಯ ಉದ್ದೇಶಕ್ಕೆ ನೀಡಬಹುದೆಂದು ಶಿಫಾರಸು ಮಾಡಿದ್ದೆ. ಕಂದಾಯ ದಾಖಲೆಯಲ್ಲಿ ಅದು 'ಖರಾಬು'. ಅಲ್ಲಿ ತೋಳಗಳಿವೆಯೆಂದು ಕುರಿಗಾಹಿಯೊಬ್ಬ ಹೇಳಿದ್ದ. ಅದನ್ನು ನಮೂದಿಸಲು ನಮೂನೆಯಲ್ಲಿ ಕಾಲಂ ಇರಲಿಲ್ಲ, ನಾನೂ ಬರೆಯಲಿಲ್ಲ. ಊರಿಗೆ ಮರಳಿದ ಮೇಲೆ ಅಲ್ಲಿಗೆ ಹೋಗಿದ್ದೆ. ಸುತ್ತಲೂ ತಂತಿಬೇಲಿಯಿದೆ. ತೋಳದ ಸುದ್ದಿ ಹೇಳಲು ಕುರಿಗಾಹಿಗಳೂ ಇಲ್ಲ.

ಪ್ರಯೋಜನದ ಲೆಕ್ಕವೇ ಬೇಡವೆಂದು ನಾನು ಹೇಳಲಾರೆ. ಆಡಳಿತಕ್ಕೆ ಅದು ಬೇಕು. ಆದರೆ ಹನ್ನೆರಡು ವರ್ಷಗಳಲ್ಲಿ ಜಮೆಯಾಗಿ ಅಳಿಸಿಹೋಗುವ ಲೆಕ್ಕವನ್ನು ನೆಚ್ಚಿ, ಮತ್ತೆ ಸೃಷ್ಟಿಸಲಾಗದ್ದನ್ನು ಕೊಟ್ಟುಬಿಡುವುದು ವಿವೇಕವಲ್ಲ. ಖರಾಬು ಜಮೀನಿನ ಪ್ರತಿ ಕಡತದಲ್ಲೂ ಅಲ್ಲಿ ಯಾವ ಜೀವಿಗಳು ವಾಸಿಸುತ್ತವೆ ಎಂಬ ಒಂದು ಪುಟ ಕಡ್ಡಾಯವಾಗಲಿ. ಮುಂದೆ ಸಹಿ ಹಾಕುವ ಅಧಿಕಾರಿ ಅದನ್ನು ಓದಿಯಾದರೂ ಸಹಿ ಹಾಕಲಿ.