ಹಾವಿನ ವಿಷವೂ ಗಣಕಯಂತ್ರವೂ

ತೊಗರಿಗೆ ಹೆಸರಾದ ನಮ್ಮ ತಾಂಡೂರು, ಯಾಲಾಲ್ ಭಾಗದಲ್ಲಿ ಕಳೆ ತೆಗೆಯುವವರೂ ರಾತ್ರಿ ಹೊಲ ಕಾಯುವವರೂ ಹಾವಿಗೆ ಅಂಜಿಯೇ ಹೆಜ್ಜೆ ಇಡುತ್ತಾರೆ. ೨೦೦೦ದಿಂದ ೨೦೧೯ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ ೫೮,೦೦೦ ಜನ ಹಾವು ಕಡಿದು ಸತ್ತರೆಂದು ಅಂದಾಜು. ಅವರಲ್ಲಿ ಬಹುಪಾಲು ಹಳ್ಳಿಯವರು.

ವಿಷ ಕೊಲ್ಲುವುದು ಹೇಗೆ? ನರದ ತುದಿಯಿಂದ ಅಸಿಟೈಲ್‌ಕೋಲೀನ್ ಎಂಬ ವಸ್ತು ಹೊರಟು, ಸ್ನಾಯುವಿನ ಮೇಲಿರುವ ಗ್ರಾಹಕವನ್ನು ಮುಟ್ಟಿದಾಗ ಸ್ನಾಯು ಕೆಲಸ ಮಾಡುತ್ತದೆ. ಗ್ರಾಹಕವನ್ನು ಬೀಗವೆಂದೂ ಆ ವಸ್ತುವನ್ನು ಕೀಲಿಕೈಯೆಂದೂ ತಿಳಿಯೋಣ. ನಾಗರಹಾವಿನ ವಿಷದಲ್ಲಿ ಮೂರು ಬೆರಳಿನಾಕಾರದ ಪುಟ್ಟ ಪ್ರೋಟೀನು ಇದೆ. ಅದು ಬೀಗದ ಕಂಡಿಯನ್ನೇ ಮುಚ್ಚಿಬಿಡುತ್ತದೆ. ಉಸಿರಾಟದ ಸ್ನಾಯುಗಳು ಸೋತು ಪ್ರಾಣ ಹೋಗುತ್ತದೆ.

ಈಗಿನ ಮದ್ದು ಕುದುರೆಯಿಂದ ಬರುತ್ತದೆ. ಕುದುರೆಗೆ ಸ್ವಲ್ಪ ಸ್ವಲ್ಪವಾಗಿ ವಿಷ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಬೇರ್ಪಡಿಸುತ್ತಾರೆ. ಜೀವ ಉಳಿಸುವುದು ಇದೇ. ಆದರೆ ಕೆಲವರ ಮೈಗೆ ಇದು ಒಗ್ಗುವುದಿಲ್ಲ.

ಗಣಕಯಂತ್ರ ಬೇರೊಂದು ದಾರಿ ತೋರಿದೆ. ಪ್ರೋಟೀನೆಂದರೆ ೨೦ ಬಗೆಯ ಅಮೈನೋ ಆಮ್ಲಗಳ ಮಣಿಮಾಲೆ. ಮಣಿಗಳ ಸಾಲಿಗೆ ತಕ್ಕಂತೆ ಮಾಲೆ ಮಡಿಚಿಕೊಂಡು ಆಕಾರ ಪಡೆಯುತ್ತದೆ. ಆ ಮಡಿಕೆಯಲ್ಲಿ ಯಾವ ಕೋನಗಳು ಸಾಧ್ಯವೆಂಬುದನ್ನು ೧೯೬೩ರಲ್ಲಿ ಮದರಾಸಿನಿಂದ ಜಗತ್ತಿಗೆ ತೋರಿಸಿದವರು ಜಿ. ಎನ್. ರಾಮಚಂದ್ರನ್ ಮತ್ತು ಅವರ ಸಂಗಡಿಗರು. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದರು.

೨೦೨೪ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಅಮೆರಿಕದ ಡೇವಿಡ್ ಬೇಕರ್ ಅವರ ಬಳಗವು ಗಣಕಯಂತ್ರಕ್ಕೆ ಒಂದು ಪಾಠ ಕಲಿಸಿತು. ತಿಳಿದಿರುವ ಪ್ರೋಟೀನುಗಳ ಆಕಾರವನ್ನು ಬೇಕೆಂದೇ ಕೆಡಿಸುವುದು, ಯಂತ್ರದಿಂದ ಸರಿಪಡಿಸುವುದು. ಹೀಗೆ ಪಳಗಿದ ಯಂತ್ರವು ಚೆಲ್ಲಾಪಿಲ್ಲಿ ಚುಕ್ಕೆಗಳಿಂದ ಹೊರಟು, ಎದುರಿಗಿಟ್ಟ ವಿಷಕ್ಕೆ ಹೊಂದುವ ಹೊಸ ಆಕಾರವನ್ನು ಹಂತಹಂತವಾಗಿ ತಿದ್ದಿ ತೆಗೆಯುತ್ತದೆ. ಅದಕ್ಕೆ ತಕ್ಕ ಮಣಿಗಳ ಸಾಲನ್ನು ಇನ್ನೊಂದು ಲೆಕ್ಕಕ್ರಮ ಹೇಳುತ್ತದೆ. ಆ ಪ್ರೋಟೀನನ್ನು ಬ್ಯಾಕ್ಟೀರಿಯಾಗಳಿಂದ ಮಾಡಿಸುತ್ತಾರೆ. ಅದು ವಿಷವನ್ನು ಅಪ್ಪಿ ಹಿಡಿದರೆ ವಿಷ ಬೀಗದ ಬಳಿ ಸುಳಿಯಲಾರದು. ೨೦೨೫ರ ಜನವರಿಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇಂಥ ಪ್ರೋಟೀನು ಪಡೆದ ಇಲಿಗಳಲ್ಲಿ ೧೦೦ಕ್ಕೆ ೮೦ರಿಂದ ೧೦೦ರಷ್ಟು ಬದುಕಿ ಉಳಿದವು.

ಇಲಿ ಬದುಕಿತೆಂದ ಮಾತ್ರಕ್ಕೆ ಮನುಷ್ಯನಿಗೆ ಮದ್ದು ಸಿಕ್ಕಿತೆನ್ನಲಾಗದು. ಹಾವಿನ ವಿಷ ಹಲವು ಪ್ರೋಟೀನುಗಳ ಮಿಶ್ರಣ. ಪ್ರಯೋಗ ನಡೆದದ್ದು ಒಂದೊಂದೇ ಪ್ರೋಟೀನಿನ ಮೇಲೆ. ಕೊಳಕುಮಂಡಲದ ವಿಷವಂತೂ ರಕ್ತವನ್ನೇ ಕೆಡಿಸುವಂಥದು.

ಆದ್ದರಿಂದ ಗೆಳೆಯರೇ, ಹೊಸ ಮದ್ದು ಬರುವವರೆಗೆ ಹಳೆಯ ಮದ್ದೇ ನಮಗೆ ಗತಿ. ಹಾವು ಕಡಿದವರನ್ನು ಗಾಯ ಕೊಯ್ಯದೆ, ಬಿಗಿದು ಕಟ್ಟದೆ, ಮಂತ್ರಕ್ಕೆ ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯೋಣ. ಈ ಮಾತನ್ನು ಮನೆಯ ಹಿರಿಯರಿಗೂ ಮುಟ್ಟಿಸೋಣ.