ಕದ್ರಿಯ ಲೋಕೇಶ್ವರ: ಹುಟ್ಟು, ದಾರಿ, ನಿಂತ ಜಾಗ



ನಮ್ಮ ಊರಲ್ಲಿ ಕೋಲ ನೋಡದವರು ಯಾರಿದ್ದಾರೆ? ಮುಖಕ್ಕೆ ಬಣ್ಣ ಹಾಕುವ ಹೊತ್ತಿಗೆ ತೆಂಬರೆ ಬಡಿಯುತ್ತಾ ಪಾಡ್ದನ ಹೇಳುತ್ತಾರೆ. ಪಾಡ್ದನ ಯಾವ ದೈವದ್ದೇ ಆಗಲಿ, ಅದರಲ್ಲಿ ಮೂರು ಸಂಗತಿ ಬಂದೇ ಬರುತ್ತದೆ. ದೈವ ಹುಟ್ಟಿದ್ದು ಹೇಗೆ, ಬಂದ ದಾರಿ ಯಾವುದು, ಕೊನೆಗೆ ನೆಲೆ ನಿಂತ ಜಾಗ ಎಲ್ಲಿ ಅಂತ.

ಮಂಗಳೂರಿನ ಕದ್ರಿ ಮಂಜುನಾಥ ದೇವಸ್ಥಾನಕ್ಕೆ ನಮ್ಮಲ್ಲಿ ತುಂಬಾ ಜನ ಹೋಗಿದ್ದೀರಿ. ಅಲ್ಲಿ ಮೂರು ಮುಖ, ಆರು ಕೈ ಇರುವ ಒಂದು ದೊಡ್ಡ ಕಂಚಿನ ಮೂರ್ತಿ ಉಂಟು. ಅದರ ಹೆಸರು ಲೋಕೇಶ್ವರ. ಶಿವನ ದೇವಸ್ಥಾನದಲ್ಲಿ ಇದ್ದರೂ ಅದು ಬೌದ್ಧರ ಮೂರ್ತಿ. ಬೌದ್ಧರ ಮೂರ್ತಿ ಅಲ್ಲಿಗೆ ಹೇಗೆ ಬಂತು? ಪಾಡ್ದನದ ಕ್ರಮದಲ್ಲೇ ಹುಟ್ಟು, ದಾರಿ, ನಿಂತ ಜಾಗ ಅಂತ ಒಂದೊಂದಾಗಿ ನೋಡೋಣ.

ಲೋಕೇಶ್ವರ ಎಂದರೆ ಯಾರು?

ಗೌತಮ ಬುದ್ಧನ ಬಗ್ಗೆ ನಾವು ಸಮಾಜ ಪಾಠದಲ್ಲಿ ಓದಿದ್ದೇವೆ. ಆತ ಚರಿತ್ರೆಯ ಮನುಷ್ಯ. ಬುದ್ಧನ ನಂತರ ಬೌದ್ಧ ಧರ್ಮದಲ್ಲಿ ಮಹಾಯಾನ ಎಂಬ ದೊಡ್ಡ ಪಂಥ ಬೆಳೆಯಿತು. ಅದರಲ್ಲಿ ಬೋಧಿಸತ್ವ ಎಂಬ ಕಲ್ಪನೆ ಉಂಟು. ತನಗೆ ಮುಕ್ತಿ ಸಿಗುವಷ್ಟು ಯೋಗ್ಯತೆ ಇದ್ದರೂ "ಉಳಿದವರೆಲ್ಲ ದಡ ಸೇರಲಿ, ಆಮೇಲೆ ನಾನು" ಎಂದು ನಿಂತವನೇ ಬೋಧಿಸತ್ವ. ದೋಣಿ ಮುಳುಗುವಾಗ ಎಲ್ಲರನ್ನೂ ದಾಟಿಸಿ ಕಡೆಗೆ ತಾನು ಹತ್ತುವ ಅಂಬಿಗನ ಹಾಗೆ.

ಬೋಧಿಸತ್ವರಲ್ಲಿ ಜನರಿಗೆ ಹೆಚ್ಚು ಹತ್ತಿರದವನು ಅವಲೋಕಿತೇಶ್ವರ. ಅವಲೋಕನ ಎಂದರೆ ಕೆಳಗೆ ನೋಡುವುದು. ಕಷ್ಟದಲ್ಲಿ ಇರುವವರನ್ನು ಕರುಣೆಯಿಂದ ನೋಡುವವನು ಎಂದು ಅರ್ಥ. ಅವನದ್ದೇ ಇನ್ನೊಂದು ಹೆಸರು ಲೋಕೇಶ್ವರ.

ಹುಟ್ಟು: ಒಬ್ಬನಿಗೆ ಮೂರು ಕತೆ

ಒಂದನೆಯದು ಟಿಬೆಟಿನವರು ಹೇಳುವ ಕತೆ. ಅಮಿತಾಭ ಎಂಬ ಬುದ್ಧನ ಕಣ್ಣಿನಿಂದ ಒಂದು ಬೆಳಕು ಹೊರಟಿತು. ಆ ಬೆಳಕಿನಿಂದ ಸರೋವರದ ತಾವರೆಯಲ್ಲಿ ಲೋಕೇಶ್ವರ ಹುಟ್ಟಿದ. ಹುಟ್ಟಿದವನು ಶಪಥ ಮಾಡಿದ: "ಎಲ್ಲ ಜೀವಿಗಳನ್ನೂ ದುಃಖದಿಂದ ಪಾರು ಮಾಡುತ್ತೇನೆ. ನಡುವೆ ನನಗೆ ಬೇಸರ ಬಂದರೆ ನನ್ನ ತಲೆ ಸಾವಿರ ಹೋಳಾಗಲಿ." ಕಾಲಕಾಲ ದುಡಿದ. ಲೆಕ್ಕವಿಲ್ಲದಷ್ಟು ಜನರನ್ನು ದಾಟಿಸಿದ. ಒಂದು ದಿನ ತಿರುಗಿ ನೋಡಿದರೆ ದುಃಖದಲ್ಲಿ ಇರುವವರ ಸಂಖ್ಯೆ ಒಂದಿಷ್ಟೂ ಕಡಿಮೆ ಆಗಿರಲಿಲ್ಲ! "ಅಯ್ಯೋ, ಇದು ಮುಗಿಯುವ ಕೆಲಸ ಅಲ್ಲ" ಎಂದು ಅವನಿಗೆ ಅನಿಸಿದ್ದೇ ತಡ, ತಲೆ ಒಡೆದು ಹೋಳು ಹೋಳಾಯಿತು.

ಆಗ ಅಮಿತಾಭ ಬಂದು ಆ ಹೋಳುಗಳನ್ನು ಸೇರಿಸಿ ಹನ್ನೊಂದು ತಲೆ ಮಾಡಿದ, ಸಾವಿರ ಕೈ ಕೊಟ್ಟ. ಪ್ರತಿ ಅಂಗೈಯಲ್ಲೂ ಒಂದೊಂದು ಕಣ್ಣು. ಕಷ್ಟ ಎಲ್ಲಿ ಉಂಟೆಂದು ನೋಡಲಿಕ್ಕೆ ಕಣ್ಣು, ಹಿಡಿದು ಎತ್ತಲಿಕ್ಕೆ ಕೈ. ಲೋಕೇಶ್ವರನ ಕಣ್ಣೀರಿನಿಂದ ತಾರಾ ದೇವಿ ಹುಟ್ಟಿದಳು ಅಂತಲೂ ಹೇಳುತ್ತಾರೆ. ಇಲ್ಲಿ ಒಂದು ಮಾತು ಗಮನಿಸಿ. ಹನ್ನೊಂದು ತಲೆ ಬಂದದ್ದು ಅವನು ಗೆದ್ದದ್ದಕ್ಕೆ ಅಲ್ಲ, ಸೋತು ಕುಸಿದಾಗ. ಸೋತ ಮೇಲೂ ಕೆಲಸ ಬಿಡಲಿಲ್ಲ.

ಎರಡನೆಯದು "ಕಾರಂಡವ್ಯೂಹ" ಎಂಬ ಸಂಸ್ಕೃತ ಬೌದ್ಧ ಗ್ರಂಥದ ಕತೆ. ಲೋಕೇಶ್ವರನ ಕಣ್ಣಿನಿಂದ ಸೂರ್ಯ ಚಂದ್ರರು, ಹಣೆಯಿಂದ ಮಹೇಶ್ವರ, ಹೆಗಲಿನಿಂದ ಬ್ರಹ್ಮ, ಎದೆಯಿಂದ ನಾರಾಯಣ, ಹಲ್ಲಿನಿಂದ ಸರಸ್ವತಿ ಹುಟ್ಟಿದರು ಎಂದು ಅದರಲ್ಲಿ ಉಂಟು. ಅಂದರೆ ಶಿವನೇ ಲೋಕೇಶ್ವರನಿಂದ ಬಂದವನು!

ಮೂರನೆಯದು ಮೀನಿನ ಕತೆ. ಬೌದ್ಧರು 84 ಮಂದಿ ಸಿದ್ಧರ ಕತೆ ಹೇಳುತ್ತಾರೆ. ಅವರಲ್ಲಿ ಒಬ್ಬ ಮೀನಪಾ. ಕಾಮರೂಪದ, ಎಂದರೆ ಈಗಿನ ಅಸ್ಸಾಂ ಕಡೆಯ ಬೆಸ್ತ. ಒಂದು ದಿನ ಗಾಳ ಹಾಕಿದಾಗ ಭಾರೀ ಮೀನೊಂದು ಅವನನ್ನೇ ಎಳೆದು ನುಂಗಿತು. ಆದರೆ ಅವನು ಸಾಯಲಿಲ್ಲ. ಅದೇ ಸಮಯದಲ್ಲಿ ಪಾರ್ವತಿ ಶಿವನ ಹತ್ತಿರ ಯೋಗದ ಗುಟ್ಟು ಕೇಳಿದಳು. ಬೇರೆ ಯಾರ ಕಿವಿಗೂ ಬೀಳಬಾರದು ಎಂದು ಶಿವ ಸಮುದ್ರದ ಅಡಿಯಲ್ಲಿ ಮನೆ ಮಾಡಿ ಅಲ್ಲಿ ಹೇಳಲು ಸುರು ಮಾಡಿದ. ಈ ಮೀನು ಆ ಮನೆಯ ಹತ್ತಿರ ಬಂದು ನಿಂತಿತು. ಪಾಠದ ನಡುವೆ ಪಾರ್ವತಿಗೆ ನಿದ್ದೆ ಬಂತು. (ನಿದ್ದೆ ಬರುವುದು ನಮ್ಮ ಮಧ್ಯಾಹ್ನದ ಪೀರಿಯಡಿನಲ್ಲಿ ಮಾತ್ರ ಅಲ್ಲ!) ಶಿವ "ಕೇಳ್ತಾ ಇದ್ದೀಯಾ?" ಎಂದಾಗ ಮೀನಿನ ಹೊಟ್ಟೆಯೊಳಗಿಂದ "ಹೂಂ" ಎಂದು ಉತ್ತರ ಬಂತು. ಹೂಂಗುಟ್ಟಿದವನು ಬೆಸ್ತ ಎಂದು ಶಿವನಿಗೆ ತಿಳಿಯಿತು. ಅವನನ್ನೇ ಶಿಷ್ಯನನ್ನಾಗಿ ಮಾಡಿಕೊಂಡ.

ಬೆಸ್ತ ಹನ್ನೆರಡು ವರ್ಷ ಮೀನಿನ ಹೊಟ್ಟೆಯಲ್ಲೇ ಸಾಧನೆ ಮಾಡಿದ. ಕೊನೆಗೆ ಇನ್ನೊಬ್ಬ ಬೆಸ್ತನ ಗಾಳಕ್ಕೆ ಆ ಮೀನು ಬಿತ್ತು. ಇಷ್ಟು ಭಾರ ಉಂಟಲ್ಲ, ಒಳಗೆ ಚಿನ್ನ ಬೆಳ್ಳಿ ಇರಬೇಕು ಎಂದು ಸೀಳಿದರೆ ಒಳಗಿಂದ ಮನುಷ್ಯ ಎದ್ದು ಬಂದ!

ಇದೇ ಕತೆಯನ್ನು ನಾಥ ಪಂಥದವರು ತಮ್ಮ ಗುರು ಮತ್ಸ್ಯೇಂದ್ರನಾಥರ ಕತೆ ಎಂದು ಹೇಳುತ್ತಾರೆ. ಮತ್ಸ್ಯ ಎಂದರೆ ಮೀನು ತಾನೇ. ಗೋರಖನಾಥರು ಇವರ ಶಿಷ್ಯರು. ನೇಪಾಳದ ಬೌದ್ಧರು ಇದಕ್ಕೆ ಇನ್ನೊಂದು ಎಳೆ ಸೇರಿಸಿದ್ದಾರೆ. ಶಿವನಿಗೆ ಮೊದಲು ಯೋಗ ಹೇಳಿಕೊಟ್ಟವನೇ ಲೋಕೇಶ್ವರ, ಶಿವ ಅದನ್ನು ಪಾರ್ವತಿಗೆ ಸರಿಯಾಗಿ ಹೇಳುತ್ತಾನೋ ಇಲ್ಲವೋ ಎಂದು ಮೀನಿನ ರೂಪದಲ್ಲಿ ಕೇಳಿಸಿಕೊಂಡವನೂ ಅವನೇ ಅಂತ. ಹಾಗಾಗಿ ನೇಪಾಳದ ಪಾಟನ್ ನಗರದಲ್ಲಿ ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ರಥ ಎಳೆಯುವ ಕೆಂಪು ಬಣ್ಣದ ದೇವರನ್ನು ಬೌದ್ಧರು ಲೋಕೇಶ್ವರ ಎನ್ನುತ್ತಾರೆ, ಹಿಂದೂಗಳು ಮಚ್ಛೇಂದ್ರನಾಥ ಎನ್ನುತ್ತಾರೆ. ರಥ ಮಾತ್ರ ಒಂದೇ. ಹಗ್ಗ ಎಳೆಯುವಾಗ ಇಬ್ಬರೂ ಇರುತ್ತಾರೆ.

ಕತೆಯೊಳಗೆ ಒಂದು ಚರ್ಚೆ

ಮೂರು ಕತೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಯಾರು ಯಾರಿಗೆ ಗುರು? ನಾಥರ ಕತೆಯಲ್ಲಿ ಶಿವ ಗುರು, ಮೀನಿನೊಳಗಿನವ ಶಿಷ್ಯ. ನೇಪಾಳದ ಬೌದ್ಧರ ಕತೆಯಲ್ಲಿ ಲೋಕೇಶ್ವರನೇ ಗುರು, ಶಿವ ಶಿಷ್ಯ. ಕಾರಂಡವ್ಯೂಹದಲ್ಲಂತೂ ಶಿವ ಅವನ ಹಣೆಯಿಂದಲೇ ಹುಟ್ಟಿದವನು. "ನಿಮ್ಮವರಿಗಿಂತ ನಮ್ಮವರು ದೊಡ್ಡವರು" ಎಂಬ ಚರ್ಚೆ ಕತೆಯ ರೂಪದಲ್ಲಿ ನಡೆದಿದೆ. ಆದರೆ ಒಂದು ವಿಷಯ ಯೋಚಿಸಬೇಕು. ಪರಿಚಯವೇ ಇಲ್ಲದವರ ಹತ್ತಿರ ಯಾರೂ ಹೀಗೆ ಚರ್ಚೆ ಮಾಡುವುದಿಲ್ಲ. ಒಂದೇ ಅಂಗಳದಲ್ಲಿ ಕೂತವರು ಮಾತ್ರ ಒಬ್ಬರ ಕತೆಯನ್ನು ಇನ್ನೊಬ್ಬರು ತಿರುಗಿಸಿ ಹೇಳಬಲ್ಲರು.

ದಾರಿ: ದಕ್ಷಿಣದ ಬೆಟ್ಟದಿಂದ ಲೋಕಕ್ಕೆಲ್ಲ

ಲೋಕೇಶ್ವರನ ಮನೆ ಪೋತಲಕ ಎಂಬ ಬೆಟ್ಟ ಎಂದು ಬೌದ್ಧ ಗ್ರಂಥಗಳು ಹೇಳುತ್ತವೆ. 7ನೇ ಶತಮಾನದಲ್ಲಿ ಭಾರತಕ್ಕೆ ಬಂದ ಚೀನಾದ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಈ ಬೆಟ್ಟ ದಕ್ಷಿಣ ಭಾರತದಲ್ಲಿ, ಮಲಯ ಪರ್ವತದ ಹತ್ತಿರ ಉಂಟು, ದಾರಿ ಬಹಳ ಕಠಿಣ, ಮೇಲೆ ಒಂದು ಸರೋವರ ಉಂಟು ಎಂದು ಬರೆದಿದ್ದಾನೆ. ಮಲಯ ಪರ್ವತ ಎಂದರೆ ಪಶ್ಚಿಮ ಘಟ್ಟದ ದಕ್ಷಿಣದ ಭಾಗ. ನಮ್ಮ ಸಂಪಾಜೆ ಘಾಟಿಯೂ ಇದೇ ಪಶ್ಚಿಮ ಘಟ್ಟದಲ್ಲೇ ಇರುವುದು.

ಈ ಬೆಟ್ಟದ ಹೆಸರು ದೂರ ದೂರ ಹೋಯಿತು. ಟಿಬೆಟಿನ ಲಾಸಾ ನಗರದಲ್ಲಿ ಐದನೇ ದಲಾಯಿ ಲಾಮಾ 1645ರಲ್ಲಿ ಕಟ್ಟಲು ಸುರು ಮಾಡಿದ ಅರಮನೆಯ ಹೆಸರು ಪೊತಾಲಾ. ಚೀನಾದಲ್ಲಿ ಲೋಕೇಶ್ವರ ಹೆಣ್ಣು ರೂಪ ಪಡೆದು ಗ್ವಾನ್‌ಯಿನ್ ಎಂಬ ತಾಯಿಯಾದ. ಜಪಾನಿನಲ್ಲಿ ಹೆಸರು ಕಾನ್ನನ್. ಕ್ಯಾನನ್ ಕ್ಯಾಮರಾದ ಹೆಸರು ಬಂದದ್ದೂ ಅದರಿಂದಲೇ!

ಕಡಲಲ್ಲಿ ಹೋಗುವವರಿಗೂ ಇವನೇ ದಿಕ್ಕು. ಹಡಗು ಒಡೆಯುವ ಹೊತ್ತಿಗೆ ಕರೆದರೆ ಬರುತ್ತಾನೆ ಎಂಬ ನಂಬಿಕೆ. ಬಂದರಿನ ಊರುಗಳಲ್ಲಿ ಇವನಿಗೆ ನೆಲೆ ಸಿಕ್ಕಿದ್ದು ಆಶ್ಚರ್ಯ ಅಲ್ಲ. ಮಂಗಳೂರೂ ಬಂದರಿನ ಊರೇ ಅಲ್ಲವೇ?

ಮತ್ಸ್ಯೇಂದ್ರನಾಥರು ನಮ್ಮ ಕಡೆಗೆ ಬಂದ ದಾರಿಗೂ ಒಂದು ಐತಿಹ್ಯ ಉಂಟು. ಮಲಯಾಳ ದೇಶದ ರಾಣಿಯೊಬ್ಬಳು ರಾಜ್ಯ ಬಿಟ್ಟು ಅವರ ಶಿಷ್ಯೆಯಾಗಿ ಕದ್ರಿಗೆ ಹೊರಟಳಂತೆ. ಅವಳಿಗೆ ಗುರುಗಳು ಇಟ್ಟ ಹೆಸರು ಮಂಗಳಾದೇವಿ. ಅವಳು ದೇಹ ಬಿಟ್ಟ ಬೋಳಾರದಲ್ಲಿ ಮಂಗಳಾದೇವಿ ದೇವಸ್ಥಾನ ಆಯಿತು, ಅದರಿಂದ ಊರಿಗೆ ಮಂಗಳೂರು ಎಂಬ ಹೆಸರು ಬಂತು ಎನ್ನುತ್ತಾರೆ.

ನಿಂತ ಜಾಗ: ಕದ್ರಿ

ಇಷ್ಟರವರೆಗೆ ಹೇಳಿದ್ದು ಐತಿಹ್ಯ. ಇನ್ನು ಬರೆದಿಟ್ಟ ಸಾಕ್ಷಿ ನೋಡೋಣ. ಕದ್ರಿಯ ಲೋಕೇಶ್ವರ ಮೂರ್ತಿ ಸುಮಾರು ಐದು ಅಡಿ ಎತ್ತರ ಉಂಟು. ಕುಳಿತ ಭಂಗಿ. ದಕ್ಷಿಣ ಭಾರತದ ಅತಿ ಚಂದದ ಕಂಚಿನ ಮೂರ್ತಿಗಳಲ್ಲಿ ಒಂದು ಎಂದು ತಿಳಿದವರು ಹೇಳುತ್ತಾರೆ. ಅದರ ಪೀಠದಲ್ಲಿ ಸಂಸ್ಕೃತ ಶಾಸನ ಉಂಟು. ಆಳುಪ ವಂಶದ ರಾಜ ಕುಂದವರ್ಮ "ಕದಿರಿಕಾ" ಎಂಬ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠೆ ಮಾಡಿದ ಎಂಬುದು ಅದರ ಸಾರಾಂಶ. ಕಾಲ ಕಲಿವರ್ಷ 4068, ಎಂದರೆ ಕ್ರಿ.ಶ. 968.

ಲೆಕ್ಕ ಹೇಗೆ ಅಂತ ಕೇಳುತ್ತೀರಾ? ಕಲಿವರ್ಷದಿಂದ 3101 ಕಳೆಯಿರಿ, 967 ಸಿಗುತ್ತದೆ. ನಮ್ಮ ಪಂಚಾಂಗದ ವರ್ಷ ಜನವರಿಯಲ್ಲಿ ಸುರುವಾಗುವುದಿಲ್ಲ, ಹಾಗಾಗಿ ಅದು 967ರಿಂದ 968ರವರೆಗೆ ಚಾಚುತ್ತದೆ. ಪ್ರತಿಷ್ಠೆ ಆ ವರ್ಷದ ಕೊನೆಯ ಭಾಗದಲ್ಲಿ ನಡೆದ ಕಾರಣ ವಿದ್ವಾಂಸರು 968 ಎಂದು ತೆಗೆದುಕೊಂಡಿದ್ದಾರೆ. ಕಾಶ್ಮೀರದ ಅಭಿನವಗುಪ್ತ ಎಂಬ ಶೈವ ಪಂಡಿತ ಸುಮಾರು ಕ್ರಿ.ಶ. 1000ದ ಹೊತ್ತಿಗೆ ಬರೆದ ಗ್ರಂಥದಲ್ಲಿ ಮತ್ಸ್ಯೇಂದ್ರರಿಗೆ ನಮಸ್ಕಾರ ಮಾಡಿದ್ದಾನೆ. ಅಂದರೆ ಕದ್ರಿಯ ಮೂರ್ತಿ ಮತ್ತು ಮೀನಿನ ಗುರುವಿನ ಹೆಸರು ಎರಡೂ ಸಾವಿರ ವರ್ಷಕ್ಕಿಂತ ಹಳೆಯವು.

ವಿಹಾರ ಎಂದರೆ ಬೌದ್ಧ ಭಿಕ್ಷುಗಳು ಇರುವ ಜಾಗ. ಹಾಗಾದರೆ ಕುಂದವರ್ಮ ಬೌದ್ಧನೇ? ಅಲ್ಲ! ಅದೇ ಶಾಸನ ಅವನನ್ನು ಶಿವನ ಪಾದಕಮಲದ ದುಂಬಿ ಎಂದು ಕರೆಯುತ್ತದೆ. ಶಿವಭಕ್ತನಾದ ರಾಜ ಬೌದ್ಧರ ವಿಹಾರದಲ್ಲಿ ಬೌದ್ಧ ದೇವರನ್ನು ನಿಲ್ಲಿಸಿದ್ದಾನೆ, ತಾನು ಶಿವಭಕ್ತ ಎಂಬುದನ್ನು ಅದೇ ಪೀಠದಲ್ಲಿ ಬರೆಸಿಯೂ ಇದ್ದಾನೆ. ಕತೆಗಳಲ್ಲಿ "ಯಾರು ದೊಡ್ಡವರು" ಎಂಬ ಚರ್ಚೆ ಇದ್ದರೆ, ಈ ಪೀಠದಲ್ಲಿ ಇಬ್ಬರಿಗೂ ಜಾಗ ಉಂಟು.

ಕಾಲ ಕಳೆದಂತೆ ಕದ್ರಿಯಲ್ಲಿ ಬೌದ್ಧ ಭಿಕ್ಷುಗಳು ಇಲ್ಲವಾದರು, ಮೂರ್ತಿ ಉಳಿಯಿತು. ಮಂಜುನಾಥನಿಗೆ ಪೂಜೆ ಮಾಡುವವರು ಅದನ್ನು ಹೊರಗೆ ಹಾಕಲಿಲ್ಲ. ಅದೇ ಆವರಣದಲ್ಲಿ ಮತ್ಸ್ಯೇಂದ್ರನಾಥ, ಗೋರಖನಾಥರ ಮೂರ್ತಿಗಳೂ ಉಂಟು. ಮೇಲೆ ಗುಡ್ಡದಲ್ಲಿ ನಾಥರ ಜೋಗಿ ಮಠ. ಅಲ್ಲಿಯ ಗುರುಗಳು ಹನ್ನೆರಡು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಆಗ ಮಹಾರಾಷ್ಟ್ರದ ತ್ರ್ಯಂಬಕೇಶ್ವರದಿಂದ ಜೋಗಿಗಳ "ಝುಂಡಿ" ನಡೆದುಕೊಂಡೇ ಕದ್ರಿಗೆ ಬರುತ್ತದೆ. 2016ರಲ್ಲಿ ಹಾಗೆ ಬಂದಿತ್ತು. ದಾರಿ ಇನ್ನೂ ಮುಚ್ಚಿಲ್ಲ ಎಂದಾಯಿತು.

ನಮ್ಮ ರಸ್ತೆಯ ಎರಡು ದಿಕ್ಕು

ಜಾಲ್ಸೂರಿನಲ್ಲಿ ಕಾಸರಗೋಡಿನ ರಸ್ತೆ ಬಂದು ಮಾಣಿ–ಮೈಸೂರು ಹೆದ್ದಾರಿಗೆ ಸೇರುತ್ತದೆ. ಇಲ್ಲಿಂದ ಪುತ್ತೂರು ಕಡೆಯ ಬಸ್ಸು ಹತ್ತಿ ಮಾಣಿ ದಾಟಿ ಮಂಗಳೂರಿಗೆ ಹೋದರೆ ಕದ್ರಿ. ಸುಳ್ಯದ ಕಡೆಗೆ ಹತ್ತಿದರೆ ಸಂಪಾಜೆ, ಮಡಿಕೇರಿ, ಕುಶಾಲನಗರ, ಅದನ್ನು ದಾಟಿದರೆ ಬೈಲುಕುಪ್ಪೆ. ಶಾಲಾ ಪ್ರವಾಸದಲ್ಲಿ ಚಿನ್ನದ ದೇವಸ್ಥಾನ ನೋಡಲಿಕ್ಕೆ ಹೋಗುತ್ತಾರಲ್ಲ, ಅದೇ ಊರು. ಊರು ಕಳೆದುಕೊಂಡು ಬಂದ ಟಿಬೆಟಿನವರಿಗೆ 1960ರ ದಶಕದ ಸುರುವಿನಲ್ಲಿ ಅಲ್ಲಿ ಜಾಗ ಕೊಟ್ಟರು. ಅಲ್ಲಿಯ ಬಣ್ಣದ ಬಾವುಟಗಳಲ್ಲಿ, ಕೈಯಿಂದ ತಿರುಗಿಸುವ ಚಕ್ರಗಳಲ್ಲಿ ಹೆಚ್ಚಾಗಿ ಕಾಣುವ "ಓಂ ಮಣಿ ಪದ್ಮೇ ಹೂಂ" ಎಂಬ ಆರಕ್ಷರದ ಮಂತ್ರ ಲೋಕೇಶ್ವರನದ್ದೇ. ದಲಾಯಿ ಲಾಮಾ ಅವರನ್ನು ಟಿಬೆಟಿನವರು ಲೋಕೇಶ್ವರನ ಅವತಾರ ಎಂದು ನಂಬುತ್ತಾರೆ. ಒಂದು ದಿಕ್ಕಿನಲ್ಲಿ ಸಾವಿರ ವರ್ಷದ ಹಿಂದೆ ಬಂದು ನಿಂತವನು, ಇನ್ನೊಂದು ದಿಕ್ಕಿನಲ್ಲಿ ನಮ್ಮ ಅಜ್ಜಂದಿರ ಕಾಲದಲ್ಲಿ ನಿರಾಶ್ರಿತರ ಜತೆ ಬಂದವನು. ಇಬ್ಬರೂ ಒಬ್ಬನೇ.

ಕತೆ ಸುಳ್ಳೋ, ನಿಜವೋ?

ಮೀನಿನ ಹೊಟ್ಟೆಯಲ್ಲಿ ಹನ್ನೆರಡು ವರ್ಷ ಇರಲಿಕ್ಕೆ ಆಗುತ್ತದಾ ಎಂದು ವಿಜ್ಞಾನದ ಪಾಠ ಓದಿದವರು ಕೇಳಬಹುದು. ಆಗುವುದಿಲ್ಲ. ಹಾಗಂತ ಕತೆಯನ್ನು ಬಿಸಾಡಬೇಕಾಗಿಲ್ಲ. ಇಸವಿ ಬೇಕಾದರೆ ಶಾಸನದ ಹತ್ತಿರ ಹೋಗಬೇಕು. ಜನ ಯಾರನ್ನು ಗುರು ಎಂದರು, ಯಾವ ಗುಣಕ್ಕೆ ಕೈ ಮುಗಿದರು ಎಂದು ತಿಳಿಯಲಿಕ್ಕೆ ಕತೆಯ ಹತ್ತಿರ ಹೋಗಬೇಕು. ಬೆಸ್ತನಿಗೂ ಯೋಗದ ಗುಟ್ಟು ಸಿಗಬಹುದು, ಕೇಳುವ ಕಿವಿ ಇದ್ದರೆ ಸಾಕು ಎಂದು ಮೀನಿನ ಕತೆ ಹೇಳುತ್ತದೆ. ಸೋತು ಹೋಳಾದವನಿಗೇ ಸಾವಿರ ಕೈ ಬಂತು ಎಂದು ತಲೆಯ ಕತೆ ಹೇಳುತ್ತದೆ. ಈ ದೇವರು ಯಾರದ್ದು ಎಂದು ಯಾರಾದರೂ ಜಗಳಕ್ಕೆ ನಿಂತರೆ 968ರ ಕುಂದವರ್ಮನ ಹೆಸರು ಹೇಳಿ. ಅವನಿಗೆ ಆ ಜಗಳ ಬೇಕಾಗಿರಲಿಲ್ಲ.

ಕದ್ರಿಗೆ ಹೋದಾಗ ಮಂಜುನಾಥನಿಗೆ ಕೈ ಮುಗಿದು ಸೀದಾ ಹೊರಗೆ ಬರಬೇಡಿ. ಲೋಕೇಶ್ವರ ಎಲ್ಲಿ ಎಂದು ಕೇಳಿ ನೋಡಿಕೊಂಡು ಬನ್ನಿ.

ಪ್ರಶ್ನೆಗಳು (ಉತ್ತರ ಬರೆದು ಶನಿವಾರದ ಒಳಗೆ ಗೋಡೆ ಪತ್ರಿಕೆಯ ಪೆಟ್ಟಿಗೆಗೆ ಹಾಕಿ)
1. ಲೋಕೇಶ್ವರನಿಗೆ ಹನ್ನೊಂದು ತಲೆ ಬಂದದ್ದು ಯಾಕೆ?
2. ಕಲಿವರ್ಷ 5000 ಎಂದರೆ ಕ್ರಿ.ಶ. ಎಷ್ಟು? ಲೆಕ್ಕ ಮಾಡಿ ತೋರಿಸಿ.
3. ನಿಮ್ಮ ಮನೆಯ ಹತ್ತಿರದ ದೈವ ಅಥವಾ ದೇವರ ಹುಟ್ಟು, ದಾರಿ, ನಿಂತ ಜಾಗದ ಕತೆಯನ್ನು ಹಿರಿಯರಲ್ಲಿ ಕೇಳಿ ಬರೆಯಿರಿ. ಚೆನ್ನಾಗಿದ್ದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

ಪದಗಳ ಅರ್ಥ
ಐತಿಹ್ಯ: ಬಾಯಿಯಿಂದ ಬಾಯಿಗೆ ಬಂದ ಹಳೆಯ ಕತೆ
ಶಾಸನ: ಕಲ್ಲು, ಲೋಹದ ಮೇಲೆ ಕೆತ್ತಿದ ಬರಹ
ಸಿದ್ಧ: ಸಾಧನೆ ಮಾಡಿ ಶಕ್ತಿ ಪಡೆದವನು
ಪೀಠ: ಮೂರ್ತಿ ಕೂತಿರುವ ಅಡಿಭಾಗ

— ಒಂಬತ್ತನೇ ತರಗತಿ