ಮೂರು ಸಲ ಊದಿದರೆ ಮೂರು ಬಿಲ್ಲಾ? ಪಿಎಫ್‌ಟಿ ರಸೀದಿ ಓದೋದು ಹೀಗೆ

ಇವತ್ತು ಒಂದು ರಸೀದಿಯ ಬಗ್ಗೆ ಮಾತಾಡೋಣ.

ಆಲಮಟ್ಟಿ, ನಿಡಗುಂದಿ ಕಡೆಯವರಿಗೆ ದಮ್ಮು ಹೆಚ್ಚಾದರೆ ವಿಜಯಪುರಕ್ಕೋ ಬಾಗಲಕೋಟೆಗೋ ಹೋಗಬೇಕು. ಒಲೆ ಹೊಗೆ, ರಾಶಿಯ ಧೂಳು, ಬೀಡಿ, ಕಾರಣ ಏನೇ ಇರಲಿ, ಡಾಕ್ಟರ್ 'ಪಿಎಫ್‌ಟಿ ಮಾಡಿಸ್ರಿ' ಅಂತ ಚೀಟಿ ಬರೀತಾರೆ. ರಸೀದಿ ನೋಡಿದರೆ ಎರಡು-ಮೂರು ಸಾಲು. ಊದಿದ್ದು ಒಂದೇ ಕೊಳವೆಗೆ, ಇಷ್ಟು ಸಾಲು ಯಾಕೆ?

ಯಾಕಂದ್ರೆ ಪಿಎಫ್‌ಟಿ ಒಂದು ಟೆಸ್ಟ್ ಅಲ್ಲ, ಕೆಲವು ಟೆಸ್ಟ್‌ಗಳ ಗುಂಪು.

ಮೊದಲನೇದು ಸ್ಪೈರೋಮೆಟ್ರಿ. ಕನಿಷ್ಠ ಮೂರು ಸಲ ಸರಿಯಾಗಿ ಊದಿಸ್ತಾರೆ. ಮೂರೂ ಸೇರಿ ಒಂದೇ ಟೆಸ್ಟ್.

ಎರಡನೇದು, ಉಸಿರುನಾಳ ಹಿಗ್ಗಿಸೋ ಔಷಧಿ ಕೊಟ್ಟು, ಸುಮಾರು 15 ನಿಮಿಷ ಕೂರಿಸಿ ಮತ್ತೆ ಊದಿಸೋದು. ಅಸ್ತಮಾನಾ, ಸಿಒಪಿಡಿನಾ ಅಂತ ಬೇರ್ಪಡಿಸೋಕೆ ಇದು ನೆರವಾಗುತ್ತೆ. ರಸೀದಿಯಲ್ಲಿ 'ಪ್ರೀ-ಪೋಸ್ಟ್' ಅಂತ ಇರೋದು ಇದೇ.

ಮೂರನೇದು ಡಿಎಲ್‌ಸಿಒ. ಶ್ವಾಸಕೋಶದಿಂದ ರಕ್ತಕ್ಕೆ ಗಾಳಿ ಎಷ್ಟು ಚೆನ್ನಾಗಿ ದಾಟುತ್ತೆ ಅಂತ ಅಳೆಯೋದು. ಇದಕ್ಕೆ ಬೇರೆ ಯಂತ್ರ, ಬೇರೆ ಅನಿಲ ಬೇಕು. ಹಾಗಾಗಿ ದರವೂ ಬೇರೆ.

ಅಮೆರಿಕದಲ್ಲಿ ಪ್ರತಿ ಟೆಸ್ಟ್‌ಗೂ ಒಂದು ಕೋಡ್ ಇದೆ. ಬರೀ ಸ್ಪೈರೋಮೆಟ್ರಿಗೆ 94010, ಪ್ರೀ-ಪೋಸ್ಟ್‌ಗೆ 94060. ಎರಡನೇದರೊಳಗೇ ಮೊದಲನೇದು ಸೇರಿರೋದರಿಂದ ಒಂದೇ ಕೂರಿಕೆಗೆ ಎರಡನ್ನೂ ಹಾಕೋ ಹಾಗಿಲ್ಲ. ಈ ತರ್ಕ ನಮ್ಮ ರಸೀದಿ ಓದೋಕೂ ಸಾಕು. 'ಸ್ಪೈರೋಮೆಟ್ರಿ' ಒಂದು ಸಾಲು, 'ಪ್ರೀ-ಪೋಸ್ಟ್' ಇನ್ನೊಂದು ಸಾಲು ಇದ್ದರೆ, ಎರಡೂ ಪೂರ್ತಿ ದರವಾ ಅಂತ ಕೌಂಟರ್‌ನಲ್ಲೇ ಕೇಳಿ.

ಕೇಳೋದು ನಿಮ್ಮ ಹಕ್ಕು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಪ್ರಕಾರ ಖಾಸಗಿ ಆಸ್ಪತ್ರೆ ದರಪಟ್ಟಿ ಪ್ರದರ್ಶಿಸಬೇಕು. 2017ರ ತಿದ್ದುಪಡಿಯಿಂದ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ದೂರನ್ನೂ ಕೊಡಬಹುದು. ಗ್ರಾಹಕ ಸಹಾಯವಾಣಿ 1915.

ಆಯುಷ್ಮಾನ್ ಕಾರ್ಡ್ ಇದೆಯಲ್ಲ ಅಂತೀರಾ? ಅದು ಮುಖ್ಯವಾಗಿ ದಾಖಲಾಗುವ ಚಿಕಿತ್ಸೆಗೆ. ಬರೀ ಓಪಿಡಿಗೆ ಬಂದು ಊದಿ ಹೋದರೆ ಖಾಸಗಿಯಲ್ಲಿ ಸಾಮಾನ್ಯವಾಗಿ ಕೈಯಿಂದಲೇ ಕಟ್ಟಬೇಕು. ಅದಕ್ಕೆ ಮೊದಲು ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ, ಬಿಪಿಎಲ್ ಕಾರ್ಡ್ ಜೊತೆಗಿರಲಿ. ಯೋಜನೆಯಡಿ ದಾಖಲಾಗಿದ್ದರೆ ಆ ಚಿಕಿತ್ಸೆಗೆ ಬೇಕಾದ ಟೆಸ್ಟ್‌ಗಳು ಪ್ಯಾಕೇಜ್‌ನಲ್ಲೇ ಸೇರಿರುತ್ತವೆ.

ಎರಡನೇ ಬಿಲ್ ತಪ್ಪಿಸೋಕೆ ಇನ್ನೆರಡು ಮಾತು. ಬೆಳಿಗ್ಗೆ ಇನ್‌ಹೇಲರ್ ಎಳೆದುಕೊಂಡು ಹೋದರೆ ಫಲಿತಾಂಶ ತಪ್ಪಾಗಿ ಬಂದು ಮತ್ತೆ ಮಾಡಿಸಬೇಕಾಗಬಹುದು. ಯಾವುದನ್ನು ಎಷ್ಟು ಗಂಟೆ ನಿಲ್ಲಿಸಬೇಕು ಅಂತ ಮುಂಚೆಯೇ ಡಾಕ್ಟರನ್ನ ಕೇಳಿ, ನೀವಾಗಿಯೇ ನಿಲ್ಲಿಸಬೇಡಿ. ಇನ್ನು, ಗ್ರಾಫ್ ಇರೋ ಪೂರ್ತಿ ವರದಿ ಇಸ್ಕೊಂಡು ಫೋನ್‌ನಲ್ಲಿ ಫೋಟೋ ತೆಗೆದಿಡಿ. ಮುಂದಿನ ಡಾಕ್ಟರಿಗೆ ಅದೇ ಸಾಕಾಗಬಹುದು.

ದುಡ್ಡಿಗೆ ಹೆದರಿ ಟೆಸ್ಟ್ ಮಾತ್ರ ಬಿಡಬೇಡಿ. ಊದದೇ ಅಂದಾಜಿನ ಮೇಲೆ ವರ್ಷಗಟ್ಟಲೆ ತಪ್ಪು ಔಷಧಿ ಕೊಂಡರೆ, ಆ ಬಿಲ್ಲೇ ದೊಡ್ಡದು. ಮನೇಲಿ ದಮ್ಮಿನವರಿದ್ದರೆ ಈ ಸಂಚಿಕೆ ಅವರಿಗೂ ಕೇಳಿಸಿ. ಮತ್ತೆ ಸಿಗೋಣ.